ಸಿ ಡ್ರೈವ್ ದೊಡ್ಡದಾಯಿತು, ರಿಕವರಿ ಕಾಣೆಯಾಯಿತು: ವರ್ಚುವಲ್ ಡಿಸ್ಕ್‌ನಲ್ಲಿ ವಿಂಡೋಸ್ ಆರ್‌ಇ ದೋಷ ಹುಡುಕುವ ಬಗೆ

ಮಾರ್ಚ್ ತಿಂಗಳ ಕೊನೆ ವಾರ. ಅಕೌಂಟ್ಸ್‌ನಿಂದ ಫೋನ್. "ಸರ್, ಟ್ಯಾಲಿ ಬ್ಯಾಕಪ್ ಆಗ್ತಿಲ್ಲ. ಸಿ ಡ್ರೈವ್ ಪೂರ್ತಿ ಕೆಂಪಗಾಗಿದೆ, ಒಂದ್ಸಲ ನೋಡಿ."

ನಮ್ಮಲ್ಲಿ ಟ್ಯಾಲಿ ಓಡುವುದು ಒಂದು ವಿಂಡೋಸ್ 10 ವಿಎಂನಲ್ಲಿ, ಅಂದರೆ ಹೈಪರ್-ವಿ ಅನ್ನುವ ಸೌಲಭ್ಯ ಒಂದು ಯಂತ್ರದೊಳಗೆ ಕಟ್ಟಿಕೊಡುವ ವರ್ಚುವಲ್ ಕಂಪ್ಯೂಟರಿನಲ್ಲಿ. ಅದನ್ನು ಹೊತ್ತಿರುವ ನಿಜವಾದ ಯಂತ್ರಕ್ಕೆ ಹೋಸ್ಟ್ ಅನ್ನುತ್ತೇವೆ. ಡಿಸ್ಕ್ 60 ಜಿಬಿ. ವಿಎಂ ಆಫ್ ಮಾಡಿ, ಅದಕ್ಕೆ ಡಿಸ್ಕ್ ಆಗಿರುವ ವಿಎಚ್‌ಡಿಎಕ್ಸ್ ಫೈಲನ್ನು 120 ಜಿಬಿಗೆ ಹಿಗ್ಗಿಸಿದೆ. ಎರಡು ನಿಮಿಷದ ಕೆಲಸ. ಮತ್ತೆ ಆನ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಸುಕಾಗಿ ಕೂತಿದೆ. ಕ್ಲಿಕ್ಕೇ ಆಗುವುದಿಲ್ಲ.

ಕಾರಣ ಪರದೆಯ ಮೇಲೇ ಇತ್ತು. ಎಡದಿಂದ ಬಲಕ್ಕೆ ನೋಡುತ್ತಾ ಹೋದರೆ ಮೊದಲು ಬೂಟ್ ಫೈಲ್‌ಗಳಿರುವ 100 ಎಂಬಿಯ ಇಎಫ್‌ಐ ಪಾರ್ಟಿಷನ್ (ಡಿಸ್ಕ್‌ನ ಒಂದು ಭಾಗ), ಆಮೇಲೆ ಸಿ, ಆಮೇಲೆ ವಿಂಡೋಸ್ ಕೆಟ್ಟಾಗ ರಿಪೇರಿಗೆ ಬೇಕಾದ ಉಪಕರಣಗಳಿರುವ 500 ಎಂಬಿ ಆಸುಪಾಸಿನ ರಿಕವರಿ ಪಾರ್ಟಿಷನ್, ಅದರಾಚೆ 60 ಜಿಬಿ ಖಾಲಿ. ಸಿ ಹಿಗ್ಗಬೇಕಾದರೆ ಖಾಲಿ ಜಾಗ ಅದರ ಪಕ್ಕದಲ್ಲೇ ಇರಬೇಕು. ನಡುವೆ ರಿಕವರಿ ಅಡ್ಡ ಕೂತಿದೆ.

ವಿಎಂಗೆ ಇದು ಯಾಕೆ ಬೇಕು, ದಿನಾ ರಾತ್ರಿ ಬ್ಯಾಕಪ್ ಆಗುತ್ತದಲ್ಲ ಅಂದುಕೊಂಡೆ. ಆಜ್ಞೆಗಳಿಂದ ಪಾರ್ಟಿಷನ್ ಬದಲಾಯಿಸುವ ಡಿಸ್ಕ್‌ಪಾರ್ಟ್‌ನಲ್ಲಿ ‘ಡಿಲೀಟ್ ಪಾರ್ಟಿಷನ್ ಓವರ್‌ರೈಡ್’ ಕೊಟ್ಟು ಅದನ್ನು ಅಳಿಸಿದೆ. ಸಿ ಹಿಗ್ಗಿತು. ಅಕೌಂಟ್ಸ್‌ನವರು ಥ್ಯಾಂಕ್ಸ್ ಹೇಳಿದರು. ಆಗಸ್ಟ್‌ನಲ್ಲಿ ಒಂದು ಪ್ರಿಂಟರ್ ಜೊತೆಗೆ ಬಂದ ಡ್ರೈವರ್ ಕೈಕೊಟ್ಟಿತು. ನೀಲಿ ಪರದೆ, ರೀಸ್ಟಾರ್ಟ್, ಮತ್ತೆ ನೀಲಿ ಪರದೆ. ಸತತ ಎರಡು ಸಲ ಬೂಟ್ ತಪ್ಪಿದರೆ ವಿಂಡೋಸ್ ತಾನಾಗಿಯೇ ರಿಕವರಿಗೆ ಹೋಗಬೇಕು. ಹೋಗಲು ಅಲ್ಲಿ ಏನೂ ಇರಲಿಲ್ಲ. ಬ್ಯಾಕಪ್ ಹಿಂದಿನ ರಾತ್ರಿಯದು. ಆಗ ಸಂಜೆ ಐದೂವರೆ. ಇಡೀ ದಿನದ ಎಂಟ್ರಿಗಳು ಆ ಡಿಸ್ಕ್‌ನ ಒಳಗೇ ಸಿಕ್ಕಿಕೊಂಡಿದ್ದವು.

ಆ ಸಂಜೆ ನಾನು ಇನ್ನೂ ಒಂದು ತಪ್ಪು ಮಾಡಿದೆ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಒಂದು ಮಾತು: ಇಲ್ಲಿ ಆಜ್ಞೆಗಳನ್ನೂ ಎರರ್ ಕೋಡ್‌ಗಳನ್ನೂ ಬಾಯಲ್ಲಿ ಹೇಳುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು. ಎಲ್ಲವೂ ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ.

ಮೂರು ಕಡೆ ಒಂದೇ ಮಾತು ಇರಬೇಕು

ವಿಂಡೋಸ್ ರಿಕವರಿ ಎನ್ವಿರಾನ್‌ಮೆಂಟ್, ಚಿಕ್ಕದಾಗಿ ವಿಂಡೋಸ್ ಆರ್‌ಇ, ಅಂದರೆ ಒಂದು ಪುಟಾಣಿ ವಿಂಡೋಸ್. ಇನ್‌ಸ್ಟಾಲ್, ರಿಪೇರಿ ಕೆಲಸಕ್ಕೆಂದೇ ಇರುವ ವಿಂಡೋಸ್ ಪಿಇ ಮೇಲೆ ಕಟ್ಟಿದ್ದು. ಅದು ಪೂರ್ತಿ ಒಂದೇ ಫೈಲ್‌ನಲ್ಲಿ ಇರುತ್ತದೆ, ವಿನ್‌ಆರ್‌ಇ.ವಿಮ್ ಅಂತ. ಬೂಟ್ ಆಗುವಾಗ ಈ ಫೈಲ್ ರ‍್ಯಾಮ್‌ಗೆ ಬಿಚ್ಚಿಕೊಂಡು ಎಕ್ಸ್: ಅನ್ನುವ ಡ್ರೈವ್ ಆಗಿ ನಿಲ್ಲುತ್ತದೆ.

ಫೈಲ್ ಇದ್ದರೆ ಸಾಲದು. ಅದು ಎಲ್ಲಿದೆ ಅನ್ನುವುದನ್ನು ವಿಂಡೋಸ್ ಇನ್ನೆರಡು ಕಡೆ ಬರೆದಿಟ್ಟುಕೊಂಡಿರುತ್ತದೆ. ಒಂದು, ಸಿ:\ವಿಂಡೋಸ್\ಸಿಸ್ಟಮ್32\ರಿಕವರಿ ಫೋಲ್ಡರ್‌ನ ರೀಏಜೆಂಟ್.ಎಕ್ಸ್‌ಎಂಎಲ್. ಇನ್ನೊಂದು ಬಿಸಿಡಿ, ಅಂದರೆ ಬೂಟ್ ಪಟ್ಟಿ. ಎಕ್ಸ್‌ಎಂಎಲ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ಒಮ್ಮೆ ತೆರೆದು ನೋಡಿ. ‘ವಿನ್‌ಆರ್‌ಇ ಲೊಕೇಷನ್’ ಅನ್ನುವ ಸಾಲಿನಲ್ಲಿ ಫೋಲ್ಡರ್ ಹೆಸರು, ಡಿಸ್ಕ್‌ನ ಗುರುತು, ಜೊತೆಗೆ ‘ಆಫ್‌ಸೆಟ್’ ಅಂತ ಉದ್ದದ ಒಂದು ಸಂಖ್ಯೆ ಇರುತ್ತದೆ. ಡಿಸ್ಕ್ ಶುರುವಾದ ಕಡೆಯಿಂದ ಎಷ್ಟನೇ ಬೈಟ್‌ನಲ್ಲಿ ಆ ಪಾರ್ಟಿಷನ್ ಆರಂಭವಾಗುತ್ತದೆ ಅನ್ನುವ ಲೆಕ್ಕ ಅದು.

ಇದೇ ವರ್ಚುವಲ್ ಡಿಸ್ಕ್‌ಗಳ ತಲೆನೋವು. ಮೇಜಿನ ಮೇಲಿನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಒಮ್ಮೆ ಕೂರಿಸಿದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ವಿಎಚ್‌ಡಿಎಕ್ಸ್ ಹಾಗಲ್ಲ. ಇವತ್ತು ಹಿಗ್ಗಿಸುತ್ತೇವೆ, ನಾಳೆ ಕಾಪಿ ಹೊಡೆಯುತ್ತೇವೆ, ನಾಡಿದ್ದು ಪಾರ್ಟಿಷನ್ ಪಟ್ಟಿಯ ಹಳೆ ಕ್ರಮವಾದ ಎಂಬಿಆರ್‌ನಿಂದ ಹೊಸ ಕ್ರಮವಾದ ಜಿಪಿಟಿಗೆ ಬದಲಾಯಿಸುತ್ತೇವೆ. ಪ್ರತಿ ಸಲವೂ ಗುರುತೋ ಆಫ್‌ಸೆಟ್ಟೋ ಬದಲಾಗಬಹುದು. ಮನೆ ಬದಲಾಯಿಸಿದ ಮೇಲೂ ಗ್ಯಾಸ್ ಸಿಲಿಂಡರ್ ಹಳೆ ವಿಳಾಸಕ್ಕೇ ಹೋದ ಹಾಗೆ ಆಗುತ್ತದೆ. ಸಿಲಿಂಡರ್ ಬಂದಿದೆ, ನೀವೂ ಇದ್ದೀರಿ, ಆದರೆ ಒಲೆ ಹತ್ತುವುದಿಲ್ಲ.

ಹಾಗಾಗಿ ಯಾವ ಎರರ್ ಬಂದರೂ ನಾನು ಕೇಳಿಕೊಳ್ಳುವುದು ಒಂದೇ. ಫೈಲ್, ಎಕ್ಸ್‌ಎಂಎಲ್, ಬಿಸಿಡಿ ಈ ಮೂರರಲ್ಲಿ ಯಾವುದು ಸುಳ್ಳು ಹೇಳುತ್ತಿದೆ?

ಮೊದಲ ನೋಟ

ರೀಏಜೆಂಟ್‌ಸಿ /ಇನ್ಫೋ

ರೀಏಜೆಂಟ್‌ಸಿ ಅನ್ನುವುದು ಆರ್‌ಇಯ ಸ್ಥಿತಿ ತೋರಿಸುವ, ಅದನ್ನು ಆನ್-ಆಫ್ ಮಾಡುವ ಆಜ್ಞೆ. ಉತ್ತರದಲ್ಲಿ ಮೊದಲ ಮೂರು ಸಾಲು ನೋಡಿದರೆ ಸಾಕು. ಸ್ಟೇಟಸ್ ‘ಎನೇಬಲ್ಡ್’ ಇರಬೇಕು. ಲೊಕೇಷನ್ ಸಾಲಿನಲ್ಲಿ ಹಾರ್ಡ್‌ಡಿಸ್ಕ್0\ಪಾರ್ಟಿಷನ್4\ರಿಕವರಿ\ವಿಂಡೋಸ್‌ಆರ್‌ಇ ಅನ್ನುವಂಥ ದಾರಿ ಇರಬೇಕು. ಬಿಸಿಡಿ ಐಡೆಂಟಿಫೈಯರ್ ಉದ್ದದ ಸಂಖ್ಯೆಯಾಗಿರಬೇಕು, ಬರೀ ಸೊನ್ನೆಗಳಾಗಿರಬಾರದು. ಕೊನೆಯಲ್ಲಿ ‘ಆಪರೇಷನ್ ಸಕ್ಸಸ್‌ಫುಲ್’ ಅಂತ ಬಂದಿದೆ ಅಂತ ಖುಷಿಪಡಬೇಡಿ. ಮಾಹಿತಿ ತೋರಿಸುವ ಕೆಲಸ ಸಕ್ಸಸ್ ಅಂತ ಅಷ್ಟೇ ಅದರ ಅರ್ಥ. ಆರ್‌ಇ ಸತ್ತಿದ್ದರೂ ಆ ಸಾಲು ಬರುತ್ತದೆ. ನಾನೂ ಮೊದಲು ಇದರಲ್ಲಿ ಮೋಸ ಹೋಗಿದ್ದೆ.

ಆಮೇಲೆ ಫೈಲ್ ನಿಜವಾಗಿ ಇದೆಯೇ ಅಂತ ನೋಡಬೇಕು. ಆರ್‌ಇ ಆನ್ ಇದ್ದಾಗ ವಿನ್‌ಆರ್‌ಇ.ವಿಮ್ ರಿಕವರಿ ಪಾರ್ಟಿಷನ್ ಒಳಗಿರುತ್ತದೆ. ಆಫ್ ಮಾಡಿದಾಗ ಸಿ:\ವಿಂಡೋಸ್\ಸಿಸ್ಟಮ್32\ರಿಕವರಿಗೆ ವಾಪಸ್ ಬರುತ್ತದೆ. ಅದು ಹಿಡನ್ ಫೈಲ್. ಸುಮ್ನೆ ‘ಡಿಐಆರ್’ ಹೊಡೆದರೆ ಕಾಣುವುದಿಲ್ಲ, ‘ಡಿಐಆರ್ /ಎ’ ಅನ್ನಬೇಕು. ಎಕ್ಸ್‌ಪ್ಲೋರರ್‌ನಲ್ಲಿ ಕಾಣಲಿಲ್ಲ ಅಂತ ಫೈಲೇ ಇಲ್ಲ ಎಂದು ತೀರ್ಮಾನಿಸಿದವರು ಬಹಳ ಜನ.

ಇಷ್ಟರಲ್ಲಿ ಗೊತ್ತಾಗದಿದ್ದರೆ ಸಿ:\ವಿಂಡೋಸ್\ಲಾಗ್ಸ್\ರೀಏಜೆಂಟ್ ಫೋಲ್ಡರ್‌ನಲ್ಲಿ ರೀಏಜೆಂಟ್.ಲಾಗ್ ಇದೆ. ಕೆಳಗಿನಿಂದ ಮೇಲಕ್ಕೆ ಓದಿ.

‘ವಿಂಡೋಸ್ ಆರ್‌ಇ ಇಮೇಜ್ ವಾಸ್ ನಾಟ್ ಫೌಂಡ್’

ರೀಏಜೆಂಟ್‌ಸಿ /ಎನೇಬಲ್ ಕೊಟ್ಟಾಗ ಈ ಸಾಲು ಬಂದರೆ ಮೊದಲು ಅನುಮಾನಿಸಬೇಕಾದ್ದು ಫೈಲನ್ನು. ನನ್ನ ಟ್ಯಾಲಿ ವಿಎಂನ ಕಥೆ ಇದೇ. ಆಫ್ ಮಾಡದೆ ಪಾರ್ಟಿಷನ್ ಅಳಿಸಿದ್ದರಿಂದ ಫೈಲೂ ಅದರ ಜೊತೆಗೇ ಹೋಗಿತ್ತು.

ಹೊಸದಾಗಿ ತರಬೇಕು. ಅದೇ ಬಿಲ್ಡ್‌ನ (ವಿಂಡೋಸ್ ಆವೃತ್ತಿ ಸಂಖ್ಯೆಯ) ಇನ್ನೊಂದು ವಿಎಂ ಚೆನ್ನಾಗಿದ್ದರೆ ಅಲ್ಲಿ ರೀಏಜೆಂಟ್‌ಸಿ /ಡಿಸೇಬಲ್ ಮಾಡಿ, ಫೈಲ್ ಕಾಪಿ ಮಾಡಿಕೊಂಡು, ಮತ್ತೆ ಎನೇಬಲ್ ಮಾಡಿ. ಇದು ಸುಲಭದ ದಾರಿ. ಇಲ್ಲವಾದರೆ ಐಎಸ್‌ಒ, ಅಂದರೆ ವಿಂಡೋಸ್ ಇನ್‌ಸ್ಟಾಲ್ ಡಿಸ್ಕ್‌ನ ಫೈಲ್ ಬೇಕು. ‘ವಿನ್‌ವರ್’ ಹೊಡೆದು ಬಿಲ್ಡ್ ನೋಡಿಕೊಂಡು ಅದಕ್ಕೆ ಹೊಂದುವ ಐಎಸ್‌ಒ ಅನ್ನು ವಿಎಂನ ಡಿವಿಡಿ ಡ್ರೈವ್‌ಗೆ ಹಾಕಿ. ಅದರ ಸೋರ್ಸಸ್ ಫೋಲ್ಡರ್‌ನಲ್ಲಿ ಇನ್‌ಸ್ಟಾಲ್.ವಿಮ್ ಇರುತ್ತದೆ. ಸಿ:\ಎಂಎನ್‌ಟಿ ಅಂತ ಖಾಲಿ ಫೋಲ್ಡರ್ ಮಾಡಿಕೊಂಡು, ವಿಂಡೋಸ್ ಇಮೇಜ್‌ಗಳನ್ನು ನಿಭಾಯಿಸುವ ಡಿಸ್ಮ್ ಆಜ್ಞೆಯಿಂದ ಅದನ್ನು ಅಲ್ಲಿ ಮೌಂಟ್ ಮಾಡಿ, ಅಂದರೆ ಫೋಲ್ಡರ್‌ನಂತೆ ತೆರೆಯಿರಿ:

ಡಿಸ್ಮ್ /ಮೌಂಟ್-ಇಮೇಜ್ /ಇಮೇಜ್‌ಫೈಲ್:ಡಿ:\ಸೋರ್ಸಸ್\ಇನ್‌ಸ್ಟಾಲ್.ವಿಮ್ /ಇಂಡೆಕ್ಸ್:1 /ಮೌಂಟ್‌ಡಿರ್:ಸಿ:\ಎಂಎನ್‌ಟಿ /ರೀಡ್‌ಓನ್ಲಿ

ಅದರೊಳಗೆ ವಿಂಡೋಸ್\ಸಿಸ್ಟಮ್32\ರಿಕವರಿಯಲ್ಲಿ ನಮ್ಮ ವಿನ್‌ಆರ್‌ಇ.ವಿಮ್ ಕೂತಿರುತ್ತದೆ. ಹಿಡನ್ ಆದ್ದರಿಂದ ‘ಎಕ್ಸ್‌ಕಾಪಿ /ಎಚ್’ ಬಳಸಿ ಸಿ ಡ್ರೈವ್‌ನ ಅದೇ ಜಾಗಕ್ಕೆ ಹಾಕಿ. ಆಮೇಲೆ ಡಿಸ್ಮ್‌ನಲ್ಲಿ /ಅನ್‌ಮೌಂಟ್-ಇಮೇಜ್ ಮತ್ತು /ಡಿಸ್ಕಾರ್ಡ್ ಕೊಟ್ಟು ಮುಚ್ಚಿ. ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಮಾಡಿದ ಐಎಸ್‌ಒ ಆದರೆ ಇನ್‌ಸ್ಟಾಲ್.ವಿಮ್ ಬದಲು ಇನ್‌ಸ್ಟಾಲ್.ಇಎಸ್‌ಡಿ ಇರುತ್ತದೆ. ಅದು ನೇರವಾಗಿ ಮೌಂಟ್ ಆಗುವುದಿಲ್ಲ. ಮೊದಲು /ಎಕ್ಸ್‌ಪೋರ್ಟ್-ಇಮೇಜ್ ಮಾಡಿ ವಿಮ್ ಆಗಿಸಬೇಕು. ಸ್ವಲ್ಪ ಹೊತ್ತು ಹಿಡಿಯುತ್ತದೆ, ಕಾಫಿ ಕುಡಿದು ಬನ್ನಿ.

ಈಗ ರೀಏಜೆಂಟ್‌ಸಿ /ಎನೇಬಲ್. ರಿಕವರಿ ಪಾರ್ಟಿಷನ್ ಇಲ್ಲದಿದ್ದರೂ ಆರ್‌ಇ ಆನ್ ಆಗುತ್ತದೆ, ಸಿ:\ರಿಕವರಿ\ವಿಂಡೋಸ್‌ಆರ್‌ಇ ಒಳಗೆ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ಎನ್‌ಕ್ರಿಪ್ಷನ್) ಹಾಕಿದ ಸಿ ಡ್ರೈವ್ ಆದರೆ ಮಾತ್ರ ಇದಕ್ಕೆ ಒಪ್ಪುವುದಿಲ್ಲ. ಆಗ ಬೇರೆ ಪಾರ್ಟಿಷನ್ ಬೇಕೇ ಬೇಕು.

ಫೈಲ್ ಅದರ ಜಾಗದಲ್ಲೇ ಇದ್ದೂ ಇದೇ ಎರರ್ ಬಂದರೆ ತಪ್ಪು ಇರುವುದು ಬರೆದಿಟ್ಟ ವಿಳಾಸದಲ್ಲಿ. ಮುಂದಿನದನ್ನು ಓದಿ.

‘ಅನ್‌ಏಬಲ್ ಟು ಅಪ್‌ಡೇಟ್ ಬೂಟ್ ಕಾನ್ಫಿಗರೇಷನ್ ಡೇಟಾ’

ಇದು ಸಾಮಾನ್ಯವಾಗಿ ಕಾಣುವುದು ಕ್ಲೋನ್ ಮಾಡಿದ, ಬೇರೆ ಡಿಸ್ಕ್‌ಗೆ ಎತ್ತಿ ಹಾಕಿದ, ಇಲ್ಲವೇ ಎಂಬಿಆರ್‌ನಿಂದ ಜಿಪಿಟಿಗೆ ಬದಲಾಯಿಸಿದ ವಿಎಂಗಳಲ್ಲಿ. ಹಳೆ ಬಗೆಯಲ್ಲಿ ಬೂಟ್ ಆಗುವ ಜನರೇಷನ್ 1 ವಿಎಂ ಅನ್ನು ಹೊಸ ಬಗೆಯ ಜನರೇಷನ್ 2ಕ್ಕೆ ಒಯ್ಯಲು ‘ಎಂಬಿಆರ್2ಜಿಪಿಟಿ’ ಓಡಿಸಿದವರಿಗೆ ಅದು ಮುಗಿಸುವಾಗ ಹೇಳುವ ಮಾತು ನೆನಪಿರಬಹುದು: ರೀಏಜೆಂಟ್.ಎಕ್ಸ್‌ಎಂಎಲ್ ಬದಲಾಯಿಸಲು ಆಗಲಿಲ್ಲ, ಕೈಯಾರೆ ಆಫ್ ಮಾಡಿ ಆನ್ ಮಾಡಿ ಅಂತ. ಯಾರೂ ಓದುವುದಿಲ್ಲ. ಡಿಸ್ಕ್ ಬದಲಾಯಿತಲ್ಲ, ವಿಎಂ ಬೂಟ್ ಆಯಿತಲ್ಲ, ಸಾಕು.

ಥರ್ಡ್ ಪಾರ್ಟಿ ಪಾರ್ಟಿಷನ್ ಟೂಲ್‌ಗಳಲ್ಲೂ ಹೀಗೆ ಆಗಬಹುದು. ರಿಕವರಿ ಪಾರ್ಟಿಷನ್ ಅನ್ನು ಮೌಸ್‌ನಿಂದ ಹಿಡಿದು ಡಿಸ್ಕ್‌ನ ಬಲ ತುದಿಗೆ ಎಳೆದು ಬಿಡುತ್ತೇವೆ. ಒಳಗಿನ ಫೈಲ್ ಒಂದೂ ಹಾಳಾಗುವುದಿಲ್ಲ. ಆದರೆ ಆಫ್‌ಸೆಟ್ ಬದಲಾಯಿತು. ಎಕ್ಸ್‌ಎಂಎಲ್ ಇನ್ನೂ ಹಳೆ ಜಾಗವನ್ನೇ ತೋರಿಸುತ್ತಾ ಕೂತಿರುತ್ತದೆ.

ಮದ್ದು ಸರಳ. ಮೊದಲು ರೀಏಜೆಂಟ್‌ಸಿ /ಡಿಸೇಬಲ್, ಆಮೇಲೆ /ಎನೇಬಲ್ ಪ್ರಯತ್ನಿಸಿ. ಬಗ್ಗದಿದ್ದರೆ ಎಕ್ಸ್‌ಎಂಎಲ್‌ನ ಹೆಸರು ಬದಲಾಯಿಸಿ:

ರೆನ್ ಸಿ:\ವಿಂಡೋಸ್\ಸಿಸ್ಟಮ್32\ರಿಕವರಿ\ರೀಏಜೆಂಟ್.ಎಕ್ಸ್‌ಎಂಎಲ್ ರೀಏಜೆಂಟ್.ಓಲ್ಡ್

ಮತ್ತೆ /ಎನೇಬಲ್ ಕೊಟ್ಟರೆ ಹೊಸ ಎಕ್ಸ್‌ಎಂಎಲ್ ಹುಟ್ಟುತ್ತದೆ. ಅಳಿಸಬೇಡಿ, ಹೆಸರು ಮಾತ್ರ ಬದಲಾಯಿಸಿ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ತೆರೆದು ಆಫ್‌ಸೆಟ್ ಹೋಲಿಸಿದರೆ ಏನಾಗಿತ್ತು ಅನ್ನುವುದು ಕಣ್ಣಿಗೇ ಕಾಣುತ್ತದೆ. ಫೈಲ್ ರಿಕವರಿ ಪಾರ್ಟಿಷನ್ ಒಳಗೇ ಉಳಿದುಬಿಟ್ಟಿದ್ದರೆ ಡಿಸ್ಕ್‌ಪಾರ್ಟ್‌ನಲ್ಲಿ ಅದಕ್ಕೆ ಆರ್ ಅಂತ ಅಕ್ಷರ ಕೊಟ್ಟು ಜಾಗ ತೋರಿಸಿ:

ರೀಏಜೆಂಟ್‌ಸಿ /ಸೆಟ್‌ಆರ್‌ಇಇಮೇಜ್ /ಪಾತ್ ಆರ್:\ರಿಕವರಿ\ವಿಂಡೋಸ್‌ಆರ್‌ಇ

ಕ್ಲೋನ್ ವಿಷಯದಲ್ಲಿ ಇನ್ನೊಂದು ಗುಂಡಿ ಇದೆ. ಎಂಬಿಆರ್ ಡಿಸ್ಕ್‌ನ ಮೂಲವನ್ನೂ ಕಾಪಿಯನ್ನೂ ಒಂದೇ ಯಂತ್ರದಲ್ಲಿ ಮೌಂಟ್ ಮಾಡಿದರೆ ಎರಡಕ್ಕೂ ಒಂದೇ ಸಿಗ್ನೇಚರ್ (ಡಿಸ್ಕ್‌ನ ಗುರುತಿನ ಸಂಖ್ಯೆ). ವಿಂಡೋಸ್ ಎರಡನೆಯದನ್ನು ಆಫ್‌ಲೈನ್ ಇಡುತ್ತದೆ, ಸಿಗ್ನೇಚರ್ ಕೊಲಿಷನ್ ಅನ್ನುತ್ತದೆ. ಅಭ್ಯಾಸಬಲದಿಂದ ರೈಟ್ ಕ್ಲಿಕ್ ಮಾಡಿ ‘ಆನ್‌ಲೈನ್’ ಒತ್ತಿದರೆ ಅದು ಕಾಪಿಗೆ ಹೊಸ ಸಿಗ್ನೇಚರ್ ಬರೆದುಬಿಡುತ್ತದೆ. ಆ ಕಾಪಿಯನ್ನು ವಿಎಂಗೆ ಹಾಕಿ ಬೂಟ್ ಮಾಡಿದರೆ 0ಎಕ್ಸ್‌ಸಿ000000ಇ. ಆರ್‌ಇ ಮಾತ್ರವಲ್ಲ, ವಿಂಡೋಸೇ ಬೂಟ್ ಆಗುವುದಿಲ್ಲ. ಐಎಸ್‌ಒದಿಂದ ಬೂಟ್ ಮಾಡಿ, ‘ಬಿಸಿಡಿಬೂಟ್’ ಮೂಲಕ ಬೂಟ್ ಫೈಲ್‌ಗಳನ್ನು ಹೊಸದಾಗಿ ಬರೆಸಿ, ಒಳಗೆ ಹೋದ ಮೇಲೆ ಆರ್‌ಇ ಆಫ್-ಆನ್ ಮಾಡಬೇಕು.

ಅಪ್‌ಡೇಟ್ 0ಎಕ್ಸ್80070643 ಅಂತ ಬಿದ್ದರೆ

2024ರ ಜನವರಿ 9ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೆಬಿ5034441 ಅನ್ನುವ ಅಪ್‌ಡೇಟ್ ಬಿಟ್ಟಿತು. ಆರ್‌ಇ ಮೂಲಕ ಬಿಟ್‌ಲಾಕರ್ ದಾಟಿ ಹೋಗುವ ಒಂದು ದೋಷವನ್ನು ಮುಚ್ಚಲು. ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಇರಬೇಕಿತ್ತು. ಎಷ್ಟೋ ಯಂತ್ರಗಳಲ್ಲಿ ಇರಲಿಲ್ಲ. ಎರರ್ ಮಾತ್ರ ‘ಇನ್‌ಸ್ಟಾಲ್ ಫೇಲ್ಯೂರ್’ ಅನ್ನುವ ಮೊಂಡು ಉತ್ತರ. ಜಾಗ ಸಾಲದು ಅಂತ ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತೋ.

ನಿಮ್ಮಲ್ಲೂ ಕಾರಣ ಇದೇನಾ ಅಂತ ಖಚಿತ ಮಾಡಿಕೊಳ್ಳಲು ಈವೆಂಟ್ ವ್ಯೂವರ್‌ನಲ್ಲಿ ವಿನ್‌ಆರ್‌ಇಏಜೆಂಟ್ ಹೆಸರಿನ 4502 ನಂಬರ್ ಇದೆಯೇ ನೋಡಿ. ಇದ್ದರೆ ಜಾಗ ಮಾಡಿಕೊಡಬೇಕು. ವಿಎಂ ಆದ್ದರಿಂದ ನಮಗೆ ಇದು ಸಲೀಸು. ಹೇಗೆ ಅಂತ ಮುಂದೆ, ಡಿಸ್ಕ್ ಹಿಗ್ಗಿಸುವ ಭಾಗದಲ್ಲಿದೆ. ಎರಡಕ್ಕೂ ಕೈಕೆಲಸ ಒಂದೇ.

‘ರ‍್ಯಾಮ್‌ಡಿಸ್ಕ್ ಮಾಡಲು ಮೆಮೊರಿ ಸಾಲದು’

ಇದು ವಿಎಂಗಳಲ್ಲಿ ಜಾಸ್ತಿ. /ಇನ್ಫೋ ಎಲ್ಲ ಸರಿ ಅನ್ನುತ್ತದೆ. ಫೈಲ್ ಇದೆ, ವಿಳಾಸ ಸರಿಯಿದೆ. ಆದರೂ ಆರ್‌ಇಗೆ ಹೋದರೆ ನೀಲಿ ಪರದೆಯಲ್ಲಿ 0ಎಕ್ಸ್‌ಸಿ0000017. ಎಷ್ಟು ಹುಡುಕಿದರೂ ಡಿಸ್ಕ್‌ನಲ್ಲಿ ತಪ್ಪು ಸಿಗುವುದಿಲ್ಲ, ಯಾಕೆಂದರೆ ತಪ್ಪು ಡಿಸ್ಕ್‌ನಲ್ಲಿ ಇಲ್ಲವೇ ಇಲ್ಲ.

ಹೋಸ್ಟ್‌ನಲ್ಲಿ ರ‍್ಯಾಮ್ ಉಳಿಸಲು ನಾವು ಡೈನಾಮಿಕ್ ಮೆಮೊರಿ ಹಾಕಿ ಸ್ಟಾರ್ಟಪ್ ರ‍್ಯಾಮ್ 512 ಎಂಬಿ ಇಟ್ಟಿರುತ್ತೇವೆ. ವಿಂಡೋಸ್ ಎದ್ದ ಮೇಲೆ ಬೇಕಾದಷ್ಟು ಕೇಳಿ ಪಡೆಯುತ್ತದೆ. ಆರ್‌ಇ ಬೂಟ್ ಆಗುವ ಹೊತ್ತಿಗೆ ಕೇಳುವವರೇ ಇಲ್ಲ, ಶುರುವಿನಲ್ಲಿ ಕೊಟ್ಟಷ್ಟೇ. ಅದರೊಳಗೆ ಕೆಲವು ನೂರು ಎಂಬಿಯ ವಿಮ್ ಫೈಲ್ ಪೂರ್ತಿ ಹಿಡಿಸಬೇಕು. ವಿಎಂ ಆಫ್ ಮಾಡಿ ಸ್ಟಾರ್ಟಪ್ ರ‍್ಯಾಮ್ 2048 ಎಂಬಿಗೆ ಏರಿಸಿ. ರಿಪೇರಿ ಮುಗಿದ ಮೇಲೆ ಬೇಕಾದರೆ ಇಳಿಸಿ. ನಾನು ಇಳಿಸುವುದಿಲ್ಲ.

ಆ ಸಂಜೆಯ ಎರಡನೇ ತಪ್ಪು

ವಿಎಂ ಬೂಟ್ ಆಗುತ್ತಿಲ್ಲ, ಆರ್‌ಇ ಇಲ್ಲ. ಸರಿ, ವಿಎಚ್‌ಡಿಎಕ್ಸ್ ಫೈಲನ್ನು ಹೋಸ್ಟ್‌ನಲ್ಲೇ ಡಬಲ್ ಕ್ಲಿಕ್ ಮಾಡಿ ಟ್ಯಾಲಿ ಫೋಲ್ಡರ್ ಎತ್ತಿಕೊಳ್ಳೋಣ ಅಂದುಕೊಂಡೆ. ಮೌಂಟ್ ಆಯಿತು. ಫೋಲ್ಡರ್ ತೆರೆದರೆ ತಾರೀಖುಗಳು ಮೂರು ದಿನ ಹಳೆಯವು.

ನಮ್ಮ ಹೋಸ್ಟ್ ವಿಂಡೋಸ್ 10. ಅದರ 1709 ಆವೃತ್ತಿಯಿಂದ ಹೈಪರ್-ವಿಯಲ್ಲಿ ಆಟೊಮ್ಯಾಟಿಕ್ ಚೆಕ್‌ಪಾಯಿಂಟ್ ಅನ್ನುವುದು ಬಂದಿದೆ. ಹೊಸ ವಿಎಂ ಮಾಡಿದರೆ ಅದು ತಾನೇ ಆನ್ ಇರುತ್ತದೆ. ವಿಎಂ ಶುರುವಾದಾಗ ಮೂಲ ಡಿಸ್ಕ್ ಅನ್ನು ಅಲ್ಲಿಗೇ ನಿಲ್ಲಿಸಿ, ಆಮೇಲಿನ ಬರಹವನ್ನೆಲ್ಲ ಪಕ್ಕದ ಎವಿಎಚ್‌ಡಿಎಕ್ಸ್ ಫೈಲ್‌ಗೆ ಹಾಕುತ್ತದೆ. ನಾನು ತೆರೆದದ್ದು ತಾಯಿ ಫೈಲ್. ಹೊಸದೆಲ್ಲ ಮರಿಯಲ್ಲಿತ್ತು.

ಅಷ್ಟೇ ಆಗಿದ್ದರೆ ಪರವಾಗಿಲ್ಲ. ಡಬಲ್ ಕ್ಲಿಕ್ ಮಾಡಿದಾಗ ಅದು ಬರೆಯಲು ಬರುವ ಹಾಗೆ ಮೌಂಟ್ ಆಗಿತ್ತು. ಹೋಸ್ಟ್ ಅದರಲ್ಲಿ ಸಣ್ಣಪುಟ್ಟದ್ದು ಬರೆದೇ ಬರೆಯುತ್ತದೆ. ತಾಯಿ ಬದಲಾದರೆ ಮರಿ ಗುರುತು ಹಿಡಿಯುವುದಿಲ್ಲ. ವಿಎಂ ಶುರು ಮಾಡಿದರೆ 0ಎಕ್ಸ್‌ಸಿ03ಎ000ಇ, ಡಿಸ್ಕ್‌ಗಳ ಸರಪಳಿ ಹಾಳಾಗಿದೆ, ಗುರುತು ಹೊಂದುತ್ತಿಲ್ಲ ಅಂತ. ಕೈಕಾಲು ತಣ್ಣಗಾಯಿತು. ಫೋನ್ ಎತ್ತಿ "ಇನ್ನೊಂದರ್ಧ ಗಂಟೆ ಮೇಡಂ" ಅಂದೆ. ಅವರು ಏನೂ ಹೇಳದೆ ಇಟ್ಟರು.

ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದ್ದು ಎರಡೂ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡುವುದು. ಅಷ್ಟು ಬುದ್ಧಿ ಆಗ ಉಳಿದಿತ್ತು. ಆಮೇಲೆ ಪವರ್‌ಶೆಲ್‌ನಲ್ಲಿ,

ಸೆಟ್-ವಿಎಚ್‌ಡಿ -ಪಾತ್ (ಮರಿ ಫೈಲ್) -ಪೇರೆಂಟ್‌ಪಾತ್ (ತಾಯಿ ಫೈಲ್) -ಇಗ್ನೋರ್‌ಐಡಿಮಿಸ್‌ಮ್ಯಾಚ್

ಇದು ಗುರುತನ್ನು ಬಲವಂತವಾಗಿ ಹೊಂದಿಸುತ್ತದೆ, ಒಳಗಿನ ಡೇಟಾ ಸರಿಯಿದೆ ಅಂತ ಭರವಸೆ ಕೊಡುವುದಿಲ್ಲ. ತಾಯಿ ಫೈಲ್‌ನಲ್ಲಿ ನೀವು ಏನಾದರೂ ಅಳಿಸಿದ್ದರೆ, ಚೆಕ್‌ಡಿಸ್ಕ್ ಓಡಿಸಿದ್ದರೆ ಇದನ್ನು ನಂಬಬೇಡಿ. ನಾನು ಬರೀ ತೆರೆದು ನೋಡಿದ್ದೆ. ಬದುಕಿಕೊಂಡಿತು.

ಆಮೇಲೆ ಐಎಸ್‌ಒ ಹಾಕಿ ಬೂಟ್ ಮಾಡಿದೆ. ‘ರಿಪೇರ್ ಯುವರ್ ಕಂಪ್ಯೂಟರ್’ ಒಳಗೆ ಕಮಾಂಡ್ ಪ್ರಾಂಪ್ಟ್. ಐಎಸ್‌ಒದಲ್ಲಿ ಇರುವುದೂ ಅದೇ ಆರ್‌ಇ ಉಪಕರಣಗಳು. ಅಲ್ಲಿ ನಿಮ್ಮ ಸಿ ಡ್ರೈವ್‌ಗೆ ಬೇರೆ ಅಕ್ಷರ ಬಂದಿರಬಹುದು, ಡಿಐಆರ್ ಹೊಡೆದು ವಿಂಡೋಸ್ ಫೋಲ್ಡರ್ ಎಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ‘ಡಿಸ್ಮ್ /ಇಮೇಜ್:ಸಿ:\ /ಗೆಟ್-ಡ್ರೈವರ್ಸ್’ ಕೊಟ್ಟರೆ ಹೊರಗಿನಿಂದ ಬಂದ ಡ್ರೈವರ್‌ಗಳ ಪಟ್ಟಿ ಬರುತ್ತದೆ, ತಾರೀಖಿನ ಸಮೇತ. ಕೊನೆಯದಾಗಿ ಬಂದದ್ದನ್ನು /ರಿಮೂವ್-ಡ್ರೈವರ್‌ನಿಂದ ತೆಗೆದೆ. ವಿಎಂ ಎದ್ದಿತು. ಆಗ ಎಂಟು ಗಂಟೆ.

ಹೋಸ್ಟ್‌ನಲ್ಲಿ ಡಿಸ್ಕ್ ತೆರೆದು ನೋಡಲೇಬೇಕು ಅಂದರೆ ಮೊದಲು ಚೆಕ್‌ಪಾಯಿಂಟ್ ಇದೆಯೇ ನೋಡಿ. ಇದ್ದರೆ ಕೊನೆಯ ಎವಿಎಚ್‌ಡಿಎಕ್ಸ್ ಅನ್ನು ‘ಮೌಂಟ್-ವಿಎಚ್‌ಡಿ -ರೀಡ್‌ಓನ್ಲಿ’ ಮೂಲಕ ತೆರೆಯಿರಿ. ಇನ್ನೊಂದು ಎಚ್ಚರಿಕೆ: ವಿಎಂ ಡಿಸ್ಕ್ ಹೋಸ್ಟ್‌ನಲ್ಲಿ ಇ: ಆಗಿ ಮೌಂಟ್ ಆಗಿರುವಾಗ ಸುಮ್ನೆ ರೀಏಜೆಂಟ್‌ಸಿ ಹೊಡೆದರೆ ಅದು ಮುಟ್ಟುವುದು ಹೋಸ್ಟ್‌ನ ಆರ್‌ಇಯನ್ನು. ‘/ಇನ್ಫೋ /ಟಾರ್ಗೆಟ್ ಇ:\ವಿಂಡೋಸ್’ ಅಂತ ಗುರಿ ಹೇಳಬೇಕು. ಇಲ್ಲದಿದ್ದರೆ ವಿಎಂನದು ಅಂದುಕೊಂಡು ಹೋಸ್ಟ್‌ನದನ್ನು ಡಿಸೇಬಲ್ ಮಾಡಿ ಮನೆಗೆ ಹೋಗುತ್ತೀರಿ.

ಡಿಸ್ಕ್ ಅನ್ನು ಇನ್ನೊಂದು ಯಂತ್ರಕ್ಕೆ ಸಿಕ್ಕಿಸಿ ರಿಪೇರಿ ಮಾಡುವುದು ದೊಡ್ಡವರೂ ಮಾಡುವ ಕೆಲಸವೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಸೈಬರ್ ಭದ್ರತಾ ಕಂಪನಿಯ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು ಅಂತ ಮೈಕ್ರೋಸಾಫ್ಟ್ ಅಂದಾಜು ಮಾಡಿತ್ತು. ಮೇಜಿನ ಮೇಲಿದ್ದ ಲ್ಯಾಪ್‌ಟಾಪ್‌ಗಳಲ್ಲಿ ಆರ್‌ಇ ಅಥವಾ ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಿದರೆ ಆಯಿತು. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ವಿಎಂಗಳಲ್ಲಿ ಆರ್‌ಇ ಪರದೆ ಬಂದರೂ ಮೌಸ್ ಹಿಡಿದು ಒತ್ತುವವರಿಲ್ಲ. ಬೂಟ್ ಡಯಾಗ್ನಾಸ್ಟಿಕ್ಸ್‌ನಲ್ಲಿ ಅದರ ಫೋಟೊ ಮಾತ್ರ ಕಾಣುತ್ತದೆ. ಅಲ್ಲಿ ಓಎಸ್ ಡಿಸ್ಕ್ ಅನ್ನು ಬೇರೆ ರಿಪೇರಿ ವಿಎಂಗೆ ಸಿಕ್ಕಿಸಿ ಫೈಲ್ ತೆಗೆದರು.

ಸಿ ಹಿಗ್ಗಿಸಬೇಕು, ಆರ್‌ಇ ಉಳಿಯಬೇಕು

ಮಾರ್ಚ್‌ನಲ್ಲೇ ಹೀಗೆ ಮಾಡಿದ್ದರೆ ಆಗಸ್ಟ್ ಬರುತ್ತಿರಲಿಲ್ಲ. ವಿಎಂ ಆಫ್ ಮಾಡಿ ಚೆಕ್‌ಪಾಯಿಂಟ್‌ಗಳನ್ನು ಅಳಿಸಿ, ಅವು ಮೂಲ ಡಿಸ್ಕ್‌ಗೆ ಸೇರಿ ಮುಗಿಯುವವರೆಗೆ ಕಾಯಿರಿ. ಚೆಕ್‌ಪಾಯಿಂಟ್ ಇದ್ದರೆ ಹೈಪರ್-ವಿ ಡಿಸ್ಕ್ ಎಡಿಟ್ ಮಾಡಲೂ ಬಿಡುವುದಿಲ್ಲ. ವಿಎಚ್‌ಡಿಎಕ್ಸ್‌ನ ಒಂದು ಕಾಪಿ ತೆಗೆದಿಡಿ, ಆಮೇಲೆ ಹಿಗ್ಗಿಸಿ. ಬಿಟ್‌ಲಾಕರ್ ಇದ್ದರೆ ಅದನ್ನು ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ವಿಎಂ ಒಳಗೆ ಹೋಗಿ:

ರೀಏಜೆಂಟ್‌ಸಿ /ಡಿಸೇಬಲ್

ಇಲ್ಲಿ ನಿಲ್ಲಿ. ‘ಡಿಐಆರ್ /ಎ ಸಿ:\ವಿಂಡೋಸ್\ಸಿಸ್ಟಮ್32\ರಿಕವರಿ’ ಕೊಟ್ಟು ವಿನ್‌ಆರ್‌ಇ.ವಿಮ್ ಬಂದು ಕೂತಿದೆಯೇ ನೋಡಿ. ಬಂದಿಲ್ಲದಿದ್ದರೆ ಮುಂದೆ ಹೋಗಬೇಡಿ. ನಾನು ಇದರ ಒಂದು ಕಾಪಿಯನ್ನು ಹೋಸ್ಟ್‌ಗೂ ಎತ್ತಿಡುತ್ತೇನೆ.

ಆಮೇಲೆ ಡಿಸ್ಕ್‌ಪಾರ್ಟ್. ಲಿಸ್ಟ್ ಡಿಸ್ಕ್, ಸೆಲೆಕ್ಟ್ ಡಿಸ್ಕ್ 0, ಲಿಸ್ಟ್ ಪಾರ್ಟಿಷನ್. ರಿಕವರಿ ಅಂತ ಬರೆದದ್ದನ್ನು, ಸೈಜ್ ಕೂಡ ಹೋಲಿಸಿ, ಆರಿಸಿಕೊಳ್ಳಿ. ಜನರೇಷನ್ 1 ವಿಎಂನಲ್ಲಿ ‘ಸಿಸ್ಟಮ್ ರಿಸರ್ವ್ಡ್’ ಅನ್ನುವುದೂ ಇದೇ ಗಾತ್ರದ್ದಿರಬಹುದು. ಅದರಲ್ಲಿ ಬೂಟ್ ಫೈಲ್‌ಗಳಿವೆ. ಅದನ್ನು ಅಳಿಸಿದರೆ ಹೊಸ ಕಥೆ ಶುರುವಾಗುತ್ತದೆ.

ಡಿಲೀಟ್ ಪಾರ್ಟಿಷನ್ ಓವರ್‌ರೈಡ್

ಈಗ ಸಿ ಪಾರ್ಟಿಷನ್ ಆರಿಸಿ ‘ಎಕ್ಸ್‌ಟೆಂಡ್’ ಕೊಟ್ಟು ಪೂರ್ತಿ ಹಿಗ್ಗಿಸಿ. ಕೂಡಲೇ ಕೊನೆಯಿಂದ ಸ್ವಲ್ಪ ವಾಪಸ್ ಕಿತ್ತುಕೊಳ್ಳಿ:

ಶ್ರಿಂಕ್ ಡಿಸೈರ್ಡ್=1000 ಮಿನಿಮಮ್=1000

1000 ಎಂಬಿ ಯಾಕೆ ಅಂದರೆ ವಿಮ್ ಫೈಲ್ ಅಪ್‌ಡೇಟ್‌ನಿಂದ ಅಪ್‌ಡೇಟ್‌ಗೆ ಊದುತ್ತದೆ, ಮತ್ತೆ 250 ಎಂಬಿ ಖಾಲಿ ಬೇಕು. ವರ್ಚುವಲ್ ಡಿಸ್ಕ್‌ನಲ್ಲಿ ಒಂದು ಜಿಬಿಗೆ ಕಂಜೂಸಿ ಮಾಡಬಾರದು. ಸುಮ್ನೆ ಜಾಗ ಸಾಲದೆ ಅಪ್‌ಡೇಟ್ ಬಿದ್ದದ್ದೇ ನಿಮ್ಮ ತೊಂದರೆಯಾಗಿದ್ದರೆ ವಿಎಚ್‌ಡಿಎಕ್ಸ್ ಹಿಗ್ಗಿಸದೆ, ಈ ‘ಎಕ್ಸ್‌ಟೆಂಡ್’ ಬಿಟ್ಟು, ಸಿ ಇಂದ 500 ಎಂಬಿ ಕಿತ್ತುಕೊಂಡರೂ ನಡೆಯುತ್ತದೆ.

ಜಿಪಿಟಿ ಡಿಸ್ಕ್ ಆದರೆ:

ಕ್ರಿಯೇಟ್ ಪಾರ್ಟಿಷನ್ ಪ್ರೈಮರಿ ಐಡಿ=ಡಿಇ94ಬಿಬಿಎ4-06ಡಿ1-4ಡಿ40-ಎ16ಎ-ಬಿಎಫ್‌ಡಿ50179ಡಿ6ಎಸಿ
ಜಿಪಿಟಿ ಆಟ್ರಿಬ್ಯೂಟ್ಸ್=0ಎಕ್ಸ್8000000000000001
ಫಾರ್ಮ್ಯಾಟ್ ಕ್ವಿಕ್ ಎಫ್‌ಎಸ್=ಎನ್‌ಟಿಎಫ್‌ಎಸ್ ಲೇಬಲ್="ವಿಂಡೋಸ್ ಆರ್‌ಇ ಟೂಲ್ಸ್"

ಎಂಬಿಆರ್ ಆದರೆ ಐಡಿ ಇಲ್ಲದೆ ಪಾರ್ಟಿಷನ್ ಮಾಡಿ, ಫಾರ್ಮ್ಯಾಟ್ ಮಾಡಿ, ಕೊನೆಗೆ ‘ಸೆಟ್ ಐಡಿ=27’. ಆ ಉದ್ದದ ಐಡಿಯಲ್ಲಿ ಒಂದು ಅಕ್ಷರ ತಪ್ಪಿದರೂ ವಿಂಡೋಸ್ ಅದನ್ನು ರಿಕವರಿ ಅಂತ ಒಪ್ಪುವುದಿಲ್ಲ. ನೋಟ್‌ಪ್ಯಾಡ್‌ನಲ್ಲಿ ಇಟ್ಟುಕೊಂಡು ಪೇಸ್ಟ್ ಮಾಡಿ.

ಡಿಸ್ಕ್‌ಪಾರ್ಟ್‌ನಿಂದ ಹೊರಬಂದು ರೀಏಜೆಂಟ್‌ಸಿ /ಎನೇಬಲ್, ಆಮೇಲೆ /ಇನ್ಫೋ. ಹೊಸ ಪಾರ್ಟಿಷನ್‌ನ ನಂಬರ್ ಕಾಣಬೇಕು. ಮುಂದಿನ ಸಲ ಡಿಸ್ಕ್ ಹಿಗ್ಗಿಸಿದಾಗ ರಿಕವರಿ ಮತ್ತೆ ಅಡ್ಡ ಬರುತ್ತದೆ, ಇದೇ ಕೆಲಸ ಮತ್ತೆ ಮಾಡಬೇಕು.

ನೇರ ಬೂಟ್ ಆಗುವ ವಿಎಚ್‌ಡಿ

ವಿಎಂ ಇಲ್ಲದೆ, ನಿಜವಾದ ಯಂತ್ರವನ್ನೇ ವಿಎಚ್‌ಡಿ ಫೈಲ್‌ನಿಂದ ಬೂಟ್ ಮಾಡುವ ಸೌಲಭ್ಯ ವಿಂಡೋಸ್ 7ರಿಂದ ಇದೆ. ಅಲ್ಲಿ ಬೂಟ್ ಹಾಳಾದರೆ ಎಲ್ಲರೂ ಆರ್‌ಇ ಹಿಂದೆ ಬೀಳುತ್ತಾರೆ. ಮೊದಲು ನೀಲಿ ಪರದೆಯ ನಂಬರ್ ನೋಡಿ. 0ಎಕ್ಸ್136 ಅಂತಿದ್ದರೆ ಹೊರಗಿನ ಡಿಸ್ಕ್‌ನಲ್ಲಿ ಜಾಗವಿಲ್ಲ ಅಂತ ಅರ್ಥ. ಡೈನಾಮಿಕ್ ವಿಎಚ್‌ಡಿ ಈಗ 20 ಜಿಬಿಯಷ್ಟೇ ಇರಬಹುದು. ನೇರ ಬೂಟ್ ಆಗುವಾಗ ಅದು ತನ್ನ ಪೂರ್ತಿ ಅಳತೆಗೆ ಹಿಗ್ಗುತ್ತದೆ. 100 ಜಿಬಿ ಅಂತ ಮಾಡಿದ್ದರೆ 100 ಜಿಬಿ ಬೇಕು. ಪೇಜ್ ಫೈಲ್‌ಗೂ ಹೊರಗಿನ ಡಿಸ್ಕ್‌ನಲ್ಲೇ ಜಾಗ ಕೇಳುತ್ತದೆ. ಇನ್ನೊಂದು ವಿಂಡೋಸ್‌ನಿಂದ ಬೂಟ್ ಆಗಿ ಆ ಡಿಸ್ಕ್‌ನಲ್ಲಿ ಜಾಗ ಖಾಲಿ ಮಾಡಿ, ಅಷ್ಟೇ.

ಪರೀಕ್ಷೆ

/ಇನ್ಫೋ ಎನೇಬಲ್ಡ್ ಅಂದ ಮಾತ್ರಕ್ಕೆ ನಂಬಿ ಎದ್ದು ಹೋಗಬೇಡಿ. ಮೆಮೊರಿ ದೋಷ ಅದರಲ್ಲಿ ಕಾಣುವುದಿಲ್ಲ ಅಂತ ಹೇಳಿದೆನಲ್ಲ. ಒಮ್ಮೆ ಒಳಗೆ ಹೋಗಿ ಬನ್ನಿ:

ರೀಏಜೆಂಟ್‌ಸಿ /ಬೂಟ್‌ಟುಆರ್‌ಇ
ಶಟ್‌ಡೌನ್ /ಆರ್ /ಟಿ 0

ಮೊದಲ ಆಜ್ಞೆ ಮುಂದಿನ ಒಂದು ಬೂಟ್‌ಗೆ ಮಾತ್ರ. ಹೈಪರ್-ವಿಯ ಕನೆಕ್ಟ್ ಕಿಟಕಿ ತೆರೆದಿಟ್ಟುಕೊಳ್ಳಿ, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಇದು ಕಾಣುವುದಿಲ್ಲ. ಆರ್‌ಇ ಬಂದ ಮೇಲೆ ಕೀಬೋರ್ಡ್, ಮೌಸ್ ಎರಡೂ ಕೆಲಸ ಮಾಡುತ್ತವೆಯೇ ನೋಡಿ. 2025ರ ಅಕ್ಟೋಬರ್ 14ರ ವಿಂಡೋಸ್ 11 ಅಪ್‌ಡೇಟ್ ಕೆಬಿ5066835 ಹಾಕಿಕೊಂಡ ಯಂತ್ರಗಳಲ್ಲಿ ಆರ್‌ಇ ಚೆನ್ನಾಗಿ ಬರುತ್ತಿತ್ತು, ಆದರೆ ಒಳಗೆ ಯುಎಸ್‌ಬಿ ಕೀಬೋರ್ಡೂ ಇಲ್ಲ ಮೌಸೂ ಇಲ್ಲ. ಅದೇ ತಿಂಗಳ 20ರಂದು ತುರ್ತಾಗಿ ಇನ್ನೊಂದು ಅಪ್‌ಡೇಟ್ ಬಿಟ್ಟು ಸರಿ ಮಾಡಿದರು.

ಟ್ರಬಲ್‌ಶೂಟ್ ಒಳಗೆ ಕಮಾಂಡ್ ಪ್ರಾಂಪ್ಟ್ ತೆರೆದು, ಸಿ ಡ್ರೈವ್‌ನ ಫೈಲ್‌ಗಳು ಕಾಣುತ್ತವೆಯೇ ಅಂತ ಒಂದು ಡಿಐಆರ್ ಹೊಡೆದು, ‘ಎಕ್ಸಿಟ್’ ಕೊಟ್ಟು ‘ಕಂಟಿನ್ಯೂ’ ಒತ್ತಿ. ವಿಂಡೋಸ್ ಎಂದಿನಂತೆ ಎದ್ದರೆ ಕೆಲಸ ಮುಗಿಯಿತು. ಟ್ಯಾಲಿ ವಿಎಂನಲ್ಲಿ ಈ ಪರೀಕ್ಷೆ ಮಾಡಿದ್ದು ಒಂದು ಶನಿವಾರ ಮಧ್ಯಾಹ್ನ, ಅಕೌಂಟ್ಸ್‌ನವರು ಬ್ಯಾಗ್ ಎತ್ತಿಕೊಂಡು ಹೊರಟ ಮೇಲೆ. ಹೈಪರ್-ವಿಯಲ್ಲಿ ಆ ವಿಎಂನ ನೋಟ್ಸ್ ಡಬ್ಬಿಯಲ್ಲಿ ಎರಡು ಸಾಲು ಬರೆದಿಟ್ಟೆ. ಬಿಲ್ಡ್ ನಂಬರ್, ಮತ್ತು ವಿನ್‌ಆರ್‌ಇ.ವಿಮ್ ಕಾಪಿ ಎಲ್ಲಿದೆ ಅಂತ. ಆಟೊಮ್ಯಾಟಿಕ್ ಚೆಕ್‌ಪಾಯಿಂಟ್‌ನ ಟಿಕ್ ತೆಗೆದೆ.